ಮೇಡಂ ತೋಪಿನ ಹೂವು

ತೊಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನ್ನ ನಾಲಿಗೆಗೆ ಹೆದರದವರು ಒಬ್ಬರೇ, ಇತಿಹಾಸದ ಮೇಷ್ಟ್ರು. ನಾನು ಕೈಯಲ್ಲಿ ಗಿಡ ಹಿಡಿದು ಒಳಗೆ ಬಂದರೆ ಸಾಕು, “ಏನ್ರೀ ಮೇಡಂ, ಇವತ್ತು ಯಾವ ಪಲ್ಯ?” ಅನ್ನುತ್ತಿದ್ದರು. “ನಿಮ್ಮ ರಾಜರು ತಿಂದು ಬಿಟ್ಟಿದ್ದು” ಅಂತ ನಾನೂ ಬಿಡುತ್ತಿರಲಿಲ್ಲ. ಎನ್ನೆಸ್ಸೆಸ್ ಹುಡುಗರ ಜವಾಬ್ದಾರಿಯೂ ಅವರದೇ. ಮನುಷ್ಯ ಅಪ್ಪಟ ಚಿನ್ನ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಹೇಳಲು ನನಗೆ ಮನಸ್ಸು ಬರುತ್ತದೋ ಇಲ್ಲವೋ.

ಕೂಡ್ಲಿಗಿ ರಸ್ತೆಯಲ್ಲಿ ಊರು ದಾಟಿದ ಮೇಲೆ ಒಂದು ಮಡ್ಡಿ ಇತ್ತು. ಉಳುಮೆಗೆ ಬಾರದ ಕಲ್ಲುನೆಲಕ್ಕೆ ನಮ್ಮ ಕಡೆ ಮಡ್ಡಿ ಅನ್ನುತ್ತಾರೆ. ಅಲ್ಲಿ ಒಂದು ಮರವೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲೆತ್ತರದ ಹುಲ್ಲು, ಅದರ ನಡುವೆ ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ನೂರೆಂಟು ಹೂಗಳು. ಭಾನುವಾರ ಬಂತೆಂದರೆ ನಾನು ಅಲ್ಲಿ. ಒಂದು ನವೆಂಬರಿನಲ್ಲಿ ಅಲ್ಲೇ ಆ ನೇರಳೆ ಹೂವು ಕಂಡಿತು.

ಮೊದಲು ಸಹದೇವಿ ಅಂದುಕೊಂಡೆ. ರಸ್ತೆ ಬದಿಯಲ್ಲೆಲ್ಲ ಬೆಳೆಯುವ ಗಿಡ, ಅದರಲ್ಲೇನು ವಿಶೇಷ? ಆದರೆ ಲೆನ್ಸ್ ಇಟ್ಟು ನೋಡಿದಾಗ ಅದಲ್ಲ ಅಂತ ತಿಳಿಯಿತು. ಸೇವಂತಿಗೆ, ಕುಸುಬೆ, ಗುರೆಳ್ಳು, ಸಹದೇವಿ ಎಲ್ಲ ಒಂದೇ ಮನೆತನದವು. ನಮಗೆ ಒಂದು ಹೂವು ಅಂತ ಕಾಣುವುದರಲ್ಲಿ ಹತ್ತಾರು ಕಿರುಹೂಗಳು ಒತ್ತಿಕೊಂಡು ಕೂತಿರುತ್ತವೆ. ಇದರಲ್ಲೂ ಹಾಗೇ ಇತ್ತು. ಆದರೆ ಹೂವಿನ ಬುಡದಲ್ಲಿ ಪುಟ್ಟ ಪುಟ್ಟ ಎಲೆಗಳು ಕೊರಳಪಟ್ಟಿಯ ಹಾಗೆ ಸುತ್ತುಗಟ್ಟಿದ್ದವು, ಎಲೆಯ ಬೆನ್ನಿನಲ್ಲಿ ಬಿಳಿ ಉಣ್ಣೆ. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಮಡ್ಡಿಯೆಲ್ಲ ಸುತ್ತಿದರೂ ಆ ಒಂದು ಅಂಗಳದಷ್ಟು ಜಾಗ ಬಿಟ್ಟರೆ ಬೇರೆಲ್ಲೂ ಅದು ಇರಲಿಲ್ಲ.

ಒಂದು ರೆಂಬೆ ಒಣಗಿಸಿಕೊಂಡು, ಡಿಸೆಂಬರ್ ರಜೆಯಲ್ಲಿ ಧಾರವಾಡಕ್ಕೆ, ನನಗೆ ಪಾಠ ಹೇಳಿದ್ದ ಗುರುಗಳ ಮನೆಗೆ ಹೋದೆ. ಅವರಿಗೆ ವಯಸ್ಸಾಗಿತ್ತು, ಆದರೂ ತಾಸುಗಟ್ಟಲೆ ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ.

“ಭಾಳ ಅಪರೂಪದ್ದು ಇರಬೇಕು ತಂಗಿ. ನಾನೂ ನೋಡಿಲ್ಲ. ಆದ್ರ ಬರೇ ಹೂವು ನೋಡಿ ಹೆಸರು ಹೇಳಾಕ ಬರೂದಿಲ್ಲ. ಮಾಗಿದ ಬೀಜ ಬೇಕು. ಬೀಜದ ತಲಿಮ್ಯಾಲೆ ಕೂದಲು ಐತೋ, ಪೊರಿ ಐತೋ, ಬೋಳು ಐತೋ, ಅದರ ಮ್ಯಾಲೆ ಎಲ್ಲಾ ನಿಂತೈತಿ” ಅಂದರು.

ಬಸ್ಸಿಳಿದವಳೇ ಮಡ್ಡಿಗೆ ಓಡಿದೆ. ಕುರಿಗಳು ಮೇಯ್ದು ಹೋಗಿದ್ದವು. ಬೋಳು ಬುಡಗಳು ಮಾತ್ರ ಉಳಿದಿದ್ದವು. ಅಯ್ಯೋ ನನ್ನ ಕರ್ಮವೇ ಅಂದುಕೊಂಡರೂ ಬೇರು ಗಟ್ಟಿಯಾಗಿದ್ದುದರಿಂದ ಆಸೆ ಬಿಡಲಿಲ್ಲ. ಮುಂದಿನ ವರ್ಷ ಜಾಗ ತಪ್ಪಬಾರದೆಂದು ಅಲ್ಲಿ ಬಿದ್ದಿದ್ದ ಬೆಣಚುಕಲ್ಲುಗಳನ್ನು ಆರಿಸಿ, ಬುಡಗಳ ನಟ್ಟನಡುವೆ ಒಂದು ಬಿಳಿ ಗುಪ್ಪೆ ಮಾಡಿಟ್ಟೆ.

ಒಣಗಿದ ರೆಂಬೆಯನ್ನು ಮೇಷ್ಟ್ರಿಗೆ ತೋರಿಸಿದೆ, ಬೀಜದ ಕಥೆಯನ್ನೂ ಹೇಳಿದೆ, ಕಲ್ಲುಗುಪ್ಪೆಯ ಮಾತು ಮಾತ್ರ ಎತ್ತಲಿಲ್ಲ. ಅವರು ಲೆನ್ಸನ್ನು ತಿರುಗಾಮುರುಗಾ ಹಿಡಿದು ನೋಡಿದರು. “ಚಂದ ಐತ್ರಿ. ಆದ್ರ ಆ ಬಿಸಿಲಾಗ ನೀವೊಬ್ಬರ ಹೋಗಿ ಕುಂದ್ರೋದು ನೋಡಿದ್ರ ಹೊಟ್ಟಿ ಚುರ್ ಅಂತೈತಿ ಮೇಡಂ. ಒಂದು ನೆಳ್ಳಿಲ್ಲ, ಏನಿಲ್ಲ” ಅಂದರು. ನಾನು ನಕ್ಕು ರೆಂಬೆಯನ್ನು ಕಾಗದದಲ್ಲಿ ಸುತ್ತಿಟ್ಟೆ.

ಜೂನಿನಲ್ಲಿ ಮೊದಲ ಮಳೆ ಬಿದ್ದು, ಕಲ್ಲುಗುಪ್ಪೆಯ ಸುತ್ತ ಉಣ್ಣೆಬೆನ್ನಿನ ಎಲೆಗಳು ಚಿಗುರಿದವು. ಅವತ್ತು ಮನೆಗೆ ಬಂದು ಹೋಳಿಗೆ ಮಾಡಿದ್ದೆ, ಯಾಕೆಂದು ಯಾರಿಗೂ ಹೇಳಿರಲಿಲ್ಲ. ಆಮೇಲೆ ಪರೀಕ್ಷೆಯ ಪೇಪರ್ ತಿದ್ದಲು ಹೊರಗೆ ಹೋಗಬೇಕಾಯಿತು. ತಿರುಗಿ ಬಂದ ಮರುದಿನವೇ ವನಮಹೋತ್ಸವ. “ನಿಮಗ ಒಂದು ಆಶ್ಚರ್ಯ ಐತಿ, ಬರ್ರಿ” ಅಂತ ಮೇಷ್ಟ್ರು ನನ್ನನ್ನು ಟ್ರ್ಯಾಕ್ಟರಿಗೆ ಹತ್ತಿಸಿದರು. ಹಿಂದಿನ ಟ್ರೈಲರಿನಲ್ಲಿ ಹುಡುಗ ಹುಡುಗಿಯರು ಹಾಡುತ್ತಿದ್ದರು. ಟ್ರ್ಯಾಕ್ಟರ್ ಮಡ್ಡಿಯ ಕಡೆ ಹೊರಳಿತು.

ಹುಲ್ಲನ್ನೆಲ್ಲ ಸಲಿಕೆಯಿಂದ ಕೆತ್ತಿ ಹಾಕಿದ್ದರು. ಸಾಲು ಸಾಲು ಗುಂಡಿ. ನಾನು ಗುಪ್ಪೆ ಮಾಡಿದ್ದ ಜಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಡಿ. ನನ್ನ ಬಿಳಿ ಕಲ್ಲುಗಳನ್ನೇ ಅದರ ಸುತ್ತ ಚಂದವಾಗಿ ಜೋಡಿಸಿದ್ದರು.

“ನೀವ ಕಲ್ಲಿಟ್ಟು ಗುರುತು ಮಾಡಿದ್ರಲ್ಲ ಮೇಡಂ, ಇಲ್ಲೊಂದು ಗಿಡ ಹಾಕಬೇಕು ಅನ್ನೋ ಆಸಿ ನಿಮಗೈತಿ ಅಂತ ನಮಗ ತಿಳೀತು. ಮೊದಲನೇ ಸಸಿ ನಿಮ್ಮ ಕೈಯಾಗ ಆಗಬೇಕು” ಅಂದರು ಮೇಷ್ಟ್ರು.

ಹುಡುಗಿಯೊಬ್ಬಳು ಹೊಂಗೆಯ ಸಸಿ ಕೈಗೆ ಕೊಟ್ಟಳು. ನೆಟ್ಟೆ, ಮಣ್ಣೆಳೆದೆ, ನೀರು ಹೊಯ್ದೆ. ಕಣ್ಣೀರು ತಡೆಯಲಾಗಲಿಲ್ಲ. “ಮೇಡಂಗೆ ಎಷ್ಟು ಖುಷಿ ಆಗೈತಿ ನೋಡ್ರಲೇ” ಅಂದರು ಮೇಷ್ಟ್ರು. ಹುಡುಗರು ಚಪ್ಪಾಳೆ ತಟ್ಟಿದರು. ಎಲ್ಲರ ಅಂಗೈಯಲ್ಲೂ ಗುಂಡಿ ತೋಡಿದ ಬೊಬ್ಬೆ. ಬಾಯಿಬಡಕಿ ಅನ್ನಿಸಿಕೊಂಡ ನಾನು ಅವರನ್ನು ಯಾವ ಬಾಯಿಂದ ಬೈಯಲಿ?

ಸಂಜೆ ಒಬ್ಬಳೇ ಹೋಗಿ ಮಣ್ಣು ಕೆದಕಿ, ತುಂಡಾದ ಬೇರು ಆರಿಸಿ ತಂದು ಕುಂಡದಲ್ಲಿಟ್ಟೆ. ಕೊಳೆತವು. ಆಮೇಲೆ ಪ್ರತಿ ನವೆಂಬರಿನಲ್ಲಿ ತಂಬ್ರಹಳ್ಳಿ ಕಡೆ, ಅರಸೀಕೆರೆ ಕಡೆ, ಕಂಡ ಕಂಡ ಮಡ್ಡಿಗಳಲ್ಲಿ ಹುಡುಕಿದೆ. ಸಹದೇವಿ ಸಿಕ್ಕಿತು, ಅದು ಸಿಗಲಿಲ್ಲ. ನಾನು ಹೋದಾಗಲೆಲ್ಲ ಧಾರವಾಡದ ಗುರುಗಳು “ಬೀಜ ಸಿಕ್ತೇನ ತಂಗಿ?” ಅಂತ ಕೇಳುತ್ತಿದ್ದರು. ಕೇಳುತ್ತಲೇ ಒಂದು ವರ್ಷ ತೀರಿಕೊಂಡರು. ಮೇಷ್ಟ್ರು ನಿವೃತ್ತರಾದ ದಿನ, “ನನ್ನ ಸರ್ವಿಸಿನ್ಯಾಗ ಉಳಿಯೋ ಕೆಲಸ ಅಂದ್ರ ನಿಮ್ಮ ತೋಪು ಒಂದ ನೋಡ್ರಿ” ಅಂದರು. ಹೌದು ಅಂದೆ. ಅವರ ಮುಖ ನೋಡಿ ಬೇರೆ ಏನು ಹೇಳಲಿ? ಆದರೆ ಆ ಕಲ್ಲುಗಳನ್ನು ಇಡದೇ ಹೋಗಿದ್ದರೆ ಅನ್ನಿಸುತ್ತಲೇ ಇರುತ್ತದೆ.

ಹೊಂಗೆ ಮರಗಳು ದಟ್ಟವಾಗಿ ಬೆಳೆದವು. ಅವುಗಳ ಕೆಳಗೆ ಹುಲ್ಲು ಏಳುವುದಿಲ್ಲ. ಜನ ಅದನ್ನು ‘ಮೇಡಂ ತೋಪು’ ಅನ್ನತೊಡಗಿದರು. ನಾಲ್ಕೈದು ವರ್ಷಗಳ ಹಿಂದಿನ ಒಂದು ನವೆಂಬರಿನಲ್ಲಿ ಲೆನ್ಸ್ ಹಿಡಿದು ಅಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದೆ. ನಾನು ನೆಟ್ಟ ಮರದ ಕೆಳಗೆ ಕೂಲಿಯ ಹೆಣ್ಣುಮಗಳೊಬ್ಬಳು ಬುತ್ತಿ ಬಿಚ್ಚಿ ಕೂತಿದ್ದಳು. ನನ್ನ ಗುರುತು ಹಿಡಿದು, ಸೆರಗಿನಿಂದ ನೆಲ ಝಾಡಿಸಿ, “ಬರ್ರಿ ಮೇಡಮ್ಮಾರೆ, ರೊಟ್ಟಿ ತಿನ್ನಬರ್ರಿ. ನಿಮ್ಮ ಪುಣ್ಯ ದೊಡ್ಡದು ನೋಡ್ರಿ. ಮೊದಲ ಇಲ್ಲಿ ಏನೂ ಇದ್ದಿಲ್ಲ” ಅಂದಳು.

“ಇತ್ತವ್ವಾ” ಅಂದೆ.

“ಏನಿತ್ರೀ?”

“ಒಂದು ಹೂವಿತ್ತು.”

“ಹೌದೇನ್ರೀ? ಏನು ಹೆಸರು ಅದಕ್ಕ?”

ಗೊತ್ತಿಲ್ಲ ಅಂದೆ. ಅವಳು ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.