ಮಗಳ ಪಾಲಿಗೆ ಬಂದ ಬ್ಯಾಟರಿ

ಮೈದಾನದ ಗ್ಯಾಲರಿಯ ಅಡಿಯಲ್ಲಿ, ಮೆಟ್ಟಿಲುಗಳ ಹೊಟ್ಟೆಗೆ ತುರುಕಿದಂತಿರುವ ಒಂದು ಕೋಣೆ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಕ್ಕೆ ಹೋದಷ್ಟೂ ತಲೆ ತಗ್ಗಿಸಬೇಕು; ಮರೆತರೆ ಕಾಂಕ್ರೀಟೇ ಹಣೆಗೆ ಬಡಿದು ನೆನಪಿಸುತ್ತದೆ. ಆ ಕೋಣೆಗೊಂದು ಕಿಟಕಿ, ಕಿಟಕಿಗೊಂದು ಹಲಗೆ, ಹಲಗೆಯ ಹಿಂದೆ ಪಟ್ಟಿ ಅಕ್ಕ. ಓಡುವ ಹುಡುಗಿಯರು ಎದೆಗೆ ಕಟ್ಟಿಕೊಳ್ಳುವ ಪಟ್ಟಿಗಳನ್ನು ಕೊಡುವುದು, ವಾಪಸು ಪಡೆಯುವುದು, ಬೆವರು ತೊಳೆದು ಒಣಹಾಕುವುದು, ಪಟ್ಟಿಯ ಮಧ್ಯದಲ್ಲಿ ಟಿಚ್ ಬಟನ್ನಿನಿಂದ ಕೂರುವ, ಎದೆಬಡಿತ ಅಳೆಯುವ ಸೆನ್ಸರುಗಳಿಗೆ ಬ್ಯಾಟರಿ ಹಾಕುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು.

ಪಟ್ಟಿ ಅಕ್ಕನಿಗೆ ಒಂದೇ ಒಂದು ಹೆಮ್ಮೆ. ತನ್ನ ಕೈ ಶುದ್ಧ, ತನ್ನ ಕಡೆಗೆ ಯಾರೂ ಬೊಟ್ಟು ಮಾಡಿ ತೋರಿಸುವ ಹಾಗಿಲ್ಲ ಎಂಬುದು. ಕೆಲವರು ಚಿನ್ನವನ್ನು ತಿಕ್ಕಿ ತಿಕ್ಕಿ ಇಟ್ಟುಕೊಳ್ಳುವಂತೆ ಅವಳು ಈ ಹೆಮ್ಮೆಯನ್ನು ತಿಕ್ಕಿ ಇಟ್ಟುಕೊಂಡಿದ್ದಳು. ಚಿನ್ನವಾಗಿದ್ದರೆ ಮಗಳ ಕೊರಳಿಗಾದರೂ ಹಾಕಬಹುದಿತ್ತು.

ಅದಕ್ಕೊಂದು ಕಾರಣವಿತ್ತು, ಇಲ್ಲ ಎನ್ನುವುದಿಲ್ಲ. ಒಂದು ಕಾಲದಲ್ಲಿ ಅವಳೂ ಇದೇ ಟ್ರ್ಯಾಕಿನಲ್ಲಿ ಓಡಿದವಳು. ಚೆನ್ನಾಗಿಯೇ ಓಡುತ್ತಿದ್ದಳು. ಆಗಿನ ಕೋಚು ಆಯ್ಕೆಯ ದಿನ ಅವಳ ಹೆಸರು ಬಿಟ್ಟು ತನ್ನ ಅಣ್ಣನ ಮಗಳ ಹೆಸರು ಓದಿದ್ದ. ಇವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಶಪಥ ಮಾಡಿದಳು: ನನ್ನ ಕೈಗೆ ಏನೇ ಅಧಿಕಾರ ಬಂದರೂ ನನ್ನವರು ಪರರು ಅಂತ ನೋಡುವುದಿಲ್ಲ. ಪಾಪ, ಅವಳ ಕೈಗೆ ಬಂದ ಅಧಿಕಾರವೆಂದರೆ ಒಂದು ಡಬ್ಬಿ ಬಿಲ್ಲೆ ಬ್ಯಾಟರಿ. ಆದರೂ ಶಪಥ ಶಪಥವೇ.

ಮಗಳು ಓಡಲು ಶುರು ಮಾಡಿದಾಗ ಈ ಶಪಥಕ್ಕೆ ಕೆಲಸ ಸಿಕ್ಕಿತು. ಹುಡುಗಿ ತೆಳ್ಳಗೆ ಉದ್ದಕ್ಕೆ ಬೆಳೆದಿದ್ದರಿಂದ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಮೊದಲ ದಿನ ಗೇಟಿನ ಹತ್ತಿರವೇ ಪಟ್ಟಿ ಅಕ್ಕ ಅವಳನ್ನು ನಿಲ್ಲಿಸಿದಳು.

“ನೋಡು, ಈ ಗೇಟ್ ದಾಟಿದ್ಮೇಲೆ ನಾನು ನಿಂಗೆ ಅಮ್ಮ ಅಲ್ಲ. ಎಲ್ರಿಗೂ ಏನೋ ನಿಂಗೂ ಅದೇ. ಅಕ್ಕ ಅನ್ಬೇಕು. ಬನ್ನಿ ಹೋಗಿ ಅನ್ಬೇಕು.”

“ಅಕ್ಕ ಅಂದ್ರೆ ನಿನ್ನ ವಯಸ್ಸು ಕಮ್ಮಿ ಆಗುತ್ತಾ?” ಎಂದು ಕಡ್ಡಿ ನಕ್ಕಳು.

“ತಮಾಷೆ ಅಲ್ಲ. ನಾಳೆ ಯಾರೂ ಒಂದು ಮಾತು ಆಡ್ಬಾರ್ದು.”

ಹುಡುಗಿಗೆ ನಾಲಿಗೆ ಹೊರಳಲಿಲ್ಲ. ಕಿಟಕಿಯ ಮುಂದೆ ನಿಂತು ಅಭ್ಯಾಸಬಲದಿಂದ “ಅಮ್ಮ, ಪಟ್ಟಿ ಕೊಡು” ಎಂದುಬಿಡುತ್ತಿದ್ದಳು. ಪಟ್ಟಿ ಅಕ್ಕ ಕೇಳಿಸದವಳ ಹಾಗೆ ಏನೋ ಮಡಚುತ್ತಾ ಇರುತ್ತಿದ್ದಳು. “ಅಕ್ಕ, ಪಟ್ಟಿ ಕೊಡಿ” ಎಂದು ಮಾತು ಬದಲಾದ ಮೇಲೆಯೇ ತಲೆಯೆತ್ತುತ್ತಿದ್ದಳು. ಒಂದು ದಿನ ತಿರುವಿನಲ್ಲಿ ಕಾಲು ತೊಡರಿ ಬಿದ್ದು ಮಂಡಿಯ ಚರ್ಮ ಸುಲಿದುಹೋದಾಗ ಕಡ್ಡಿ “ಅಮ್ಮಾ” ಎಂದು ಕಿರುಚಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಹಲಗೆಯ ಹಿಂದಿದ್ದವಳು ಮಾತ್ರ ಎದ್ದು ಓಡಲಿಲ್ಲ. ಔಷಧಿ ಪೆಟ್ಟಿಗೆಯನ್ನು ಬೇರೊಬ್ಬಳ ಕೈಯಲ್ಲಿ ಕಳಿಸಿದಳು.

ಇನ್ನೊಂದು ಕಟ್ಟುಪಾಡೂ ಇತ್ತು. ಸಾಲಿನಲ್ಲಿ ಕಡ್ಡಿ ಯಾವಾಗಲೂ ಕೊನೆಯವಳು. ಬೇಗ ಬಂದರೂ ಕೊನೆಗೇ ನಿಲ್ಲಬೇಕು. ಹೊಸ ಪಟ್ಟಿಗಳು ಬಂದಾಗ ಎಲ್ಲರೂ ಆರಿಸಿಕೊಂಡು ಉಳಿದ, ಎಲಾಸ್ಟಿಕ್ ಸಡಿಲವಾದದ್ದು ಅವಳಿಗೆ. ಅದನ್ನು ಅವಳು ಸೇಫ್ಟಿ ಪಿನ್ನು ಹಾಕಿ ಬಿಗಿ ಮಾಡಿಕೊಂಡು ಓಡುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ, ಅದು ಅವಳ ತಪ್ಪು.

ಈಗ ಆ ಬಿಲ್ಲೆ ಬ್ಯಾಟರಿಯ ಬುದ್ಧಿಯ ಬಗ್ಗೆ ಒಂದಿಷ್ಟು ಹೇಳಬೇಕು. ಉಗುರಿನಷ್ಟಗಲದ ಅದರಷ್ಟು ನಯವಂಚಕ ಇನ್ನೊಂದಿಲ್ಲ. ಮೀಟರು ಹಿಡಿದು ನೋಡಿದರೆ ಕೊನೆಯವರೆಗೂ ಗಟ್ಟಿಮುಟ್ಟಾಗಿದ್ದೇನೆ ಎಂದೇ ಹೇಳುತ್ತದೆ, ಆಮೇಲೆ ಒಂದು ಸುಳಿವೂ ಕೊಡದೆ ಕಣ್ಣು ಮುಚ್ಚುತ್ತದೆ. ಚಳಿಯೆಂದರೆ ಅದಕ್ಕಾಗದು. ಇನ್ನು ಓಟ ಮುಗಿದ ಮೇಲೆ ಸೆನ್ಸರನ್ನು ಪಟ್ಟಿಯಿಂದ ಕಿತ್ತಿಡದಿದ್ದರೆ ಮುಗಿಯಿತು; ಬೆವರಿನ ಒದ್ದೆ ತಾಗುತ್ತಿರುವಷ್ಟು ಹೊತ್ತೂ ಸೆನ್ಸರು ಎದೆಯ ಮೇಲೇ ಇದ್ದೇನೆ ಅಂದುಕೊಂಡು, ಚೀಲದೊಳಗಿನ ಕತ್ತಲಲ್ಲಿ ಸುಮ್ಮನೆ ದುಡಿದು ಬ್ಯಾಟರಿ ತಿಂದುಹಾಕುತ್ತದೆ.

“ಓಡಿ ಬಂದ ತಕ್ಷಣ ಬಟನ್ ಬಿಚ್ಚಿ, ಒರೆಸಿ, ಬೇರೆ ಇಡಿ” ಎಂದು ಪಟ್ಟಿ ಅಕ್ಕ ದಿನವೂ ಗಂಟಲು ಹರಿದುಕೊಳ್ಳುತ್ತಿದ್ದಳು. ಕಡ್ಡಿ ತಪ್ಪದೆ ಮಾಡುತ್ತಿದ್ದಳು. ಯಾವಾಗಲೂ ಕೆಂಪು ಟೋಪಿ ಹಾಕಿಕೊಂಡಿರುವ, ಹಾಗಾಗಿ ಟೋಪಿ ಎಂದೇ ಹೆಸರಾಗಿದ್ದ ಇನ್ನೊಬ್ಬಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಒಳ್ಳೆಯ ಹುಡುಗಿಯೇ. ಓಟದಲ್ಲಿ ಕಡ್ಡಿಗೆ ಸರಿಸಾಟಿ. ಒಮ್ಮೆ ಇವಳು ಮುಂದೆ, ಒಮ್ಮೆ ಅವಳು ಮುಂದೆ.

ಆ ವರ್ಷ ದೊಡ್ಡ ಕ್ಯಾಂಪಿಗೆ ಈ ಮೈದಾನದಿಂದ ಒಬ್ಬಳಿಗೆ ಮಾತ್ರ ಜಾಗವಿತ್ತು. ಅಲ್ಲಿಗೆ ಹೋದರೆ ಊಟ, ವಸತಿ, ವೈದ್ಯರು, ಮುಂದಿನ ದಾರಿ ಎಲ್ಲವೂ ಸಿಗುತ್ತದೆ. ಹೋಗದಿದ್ದರೆ ಕಡ್ಡಿಗೆ ಇನ್ನೊಂದು ಅವಕಾಶವಿಲ್ಲ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಆಯ್ಕೆ ಮಾಡುವವರು ಹೊಸ ಕೋಚು. ಓಡುವವರನ್ನು ನೋಡುವುದಕ್ಕಿಂತ ಕೈಯಲ್ಲಿದ್ದ ಟ್ಯಾಬನ್ನು ನೋಡುವುದೇ ಹೆಚ್ಚಾದ್ದರಿಂದ ಹುಡುಗಿಯರು ಅವರಿಗೆ ಗ್ರಾಫ್ ಸರ್ ಎಂದು ಹೆಸರಿಟ್ಟಿದ್ದರು. ಕೆಟ್ಟವರಲ್ಲ, ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಮೊದಲೇ ಹೇಳಿದ್ದರು: “ಕೊನೇ ಸುತ್ತಲ್ಲಿ ಎದೆಬಡಿತ ಹೇಗಿತ್ತು, ಹೆಜ್ಜೆ ಹೇಗಿತ್ತು, ಅದೆಲ್ಲ ಮೇಲಿನವರಿಗೆ ಕಳಿಸ್ಬೇಕು. ರೆಕಾರ್ಡ್ ಪೂರ್ತಿ ಇಲ್ಲ ಅಂದ್ರೆ ಆ ಓಟ ಲೆಕ್ಕಕ್ಕಿಲ್ಲ.”

ಆಯ್ಕೆಯ ಹಿಂದಿನ ದಿನ ಪಟ್ಟಿ ಅಕ್ಕನ ಡಬ್ಬಿಯಲ್ಲಿ ಹೊಸ ಬಿಲ್ಲೆ ಉಳಿದದ್ದು ಒಂದೇ. ಬೇಕು ಎಂದು ಕೇಳಿ ಕಳಿಸಿದ್ದು ಇನ್ನೂ ಬಂದಿರಲಿಲ್ಲ. ಗಡಿಯಾರದ ಅಂಗಡಿಯ ಬಿಲ್ಲೆ ಈ ಸೆನ್ಸರಿಗೆ ಕೂರುವುದಿಲ್ಲ. ಆ ಒಂದನ್ನು ಅವಳು ಕಡ್ಡಿಗೆಂದೇ ತೆಗೆದಿಟ್ಟಿದ್ದಳು. ನ್ಯಾಯವಾಗಿಯೂ ಅದು ಕಡ್ಡಿಯದೇ ಸರದಿ. ಉಳಿದವರೆಲ್ಲ ತಮ್ಮ ತಮ್ಮ ಬ್ಯಾಟರಿ ಮುಗಿಸಿಕೊಂಡು ಹೊಸದು ಹಾಕಿಸಿಕೊಂಡಿದ್ದರು. ಜೋಪಾನವಾಗಿ ಬಟನ್ ಬಿಚ್ಚಿಡುತ್ತಿದ್ದ ಕಡ್ಡಿಯದು ಮಾತ್ರ ಇನ್ನೂ ನಡೆಯುತ್ತಿತ್ತು. ಜೋಪಾನ ಮಾಡಿದ್ದಕ್ಕೆ ಅವಳ ಪಾಲಿಗೆ ಸಿಕ್ಕ ಬಹುಮಾನವೆಂದರೆ ಎಲ್ಲರಿಗಿಂತ ಹಳೆಯ ಬ್ಯಾಟರಿ.

ಸಂಜೆ ಕೋಣೆಗೆ ಬೀಗ ಹಾಕುವ ಹೊತ್ತಿಗೆ ಟೋಪಿ ಓಡಿ ಬಂದಳು.

“ಅಕ್ಕ, ನಂದು ಸತ್ತೇ ಹೋಗಿದೆ. ಪಟ್ಟಿ ಜೊತೆ ಹಾಗೇ ಚೀಲದಲ್ಲಿ ಬಿಟ್ಬಿಟ್ಟೆ, ಎಷ್ಟು ದಿನದಿಂದ ಇತ್ತೋ ಗೊತ್ತಿಲ್ಲ. ಬೈಬೇಡಿ ಅಕ್ಕ, ನಾಳೆ ಆಯ್ಕೆ.”

ಪಟ್ಟಿ ಅಕ್ಕ ಬೈದಳು. ಬೈಯುತ್ತಲೇ ಮೀಟರು ತೆಗೆದು ಕಡ್ಡಿಯ ಸೆನ್ಸರಿನ ಬಿಲ್ಲೆ ನೋಡಿದಳು. ಚೆನ್ನಾಗಿಯೇ ಇತ್ತು, ಅಂದರೆ ಚೆನ್ನಾಗಿದ್ದೇನೆ ಎಂದಿತು. ಹಾಗಾದರೆ ಹಳೆಯದನ್ನು ಟೋಪಿಗೆ ಕೊಟ್ಟು ಹೊಸದನ್ನು ಕಡ್ಡಿಗೆ ಹಾಕಬಹುದಲ್ಲ? ಯಾವ ದೇವರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವಳ ತಲೆ ಬೇರೆ ಕಡೆ ಓಡಿತು. ನಾಳೆ ಟೋಪಿಯದು ಮಧ್ಯದಲ್ಲಿ ನಿಂತರೆ? ಮಗಳಿಗೆ ಹೊಸದು ಹಾಕಿ ಎದುರಾಳಿಗೆ ಹಳೆಯದು ತುರುಕಿದಳು ಎಂದು ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಮಗಳದು ಮಧ್ಯದಲ್ಲಿ ನಿಂತರೆ ಎಂಬ ಪ್ರಶ್ನೆ ಬರಲೇ ಇಲ್ಲ ಎಂದಲ್ಲ. ಬಂತು, ಅದನ್ನು ಅವಳು ಸಾಲಿನ ಕೊನೆಗೆ ನಿಲ್ಲಿಸಿದಳು. ಹೊಸ ಬಿಲ್ಲೆ ಟೋಪಿಯ ಸೆನ್ಸರಿಗೆ ಹೋಯಿತು.

ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಶೂ ಒರೆಸುತ್ತಾ ಕೂತಿದ್ದ ಕಡ್ಡಿ ಕೇಳಿದಳು, “ಅಮ್ಮ, ನಂದಕ್ಕೆ ಹೊಸದು ಹಾಕಿದ್ಯಾ?”

“ಮನೇಲಿ ಮೈದಾನದ ಮಾತು ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?”

ಅಮ್ಮ ಹೀಗೆ ಗದರಿದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ ಅಂದುಕೊಂಡು ಕಡ್ಡಿ ಶೂ ಒರೆಸುವುದನ್ನು ಮುಂದುವರಿಸಿದಳು.

ಬೆಳಿಗ್ಗೆ ಮೈ ಕೊರೆಯುವ ಗಾಳಿ. ಕಿಟಕಿಯಿಂದಲೇ ಪಟ್ಟಿ ಅಕ್ಕ ನೋಡಿದಳು. ಟೋಪಿ ಮೊದಲಿನಿಂದಲೂ ಮುಂದಿದ್ದಳು, ಕಡ್ಡಿ ನೆರಳಿನ ಹಾಗೆ ಹಿಂದೆ. ಕೊನೆಯ ತಿರುವು ದಾಟಿದ ಮೇಲೆ ಕಡ್ಡಿ ಪಕ್ಕಕ್ಕೆ ಬಂದಳು, ಭುಜಕ್ಕೆ ಭುಜ ಕೊಟ್ಟಳು, ಆಮೇಲೆ ಎಲ್ಲಿಂದ ತಂದಳೋ ಒಂದು ಉಸಿರು ತಂದು ಮುಂದೆ ಹೋಗಿಬಿಟ್ಟಳು. ಗ್ಯಾಲರಿಯ ಮೇಲಿದ್ದವರು ಕಾಲು ಬಡಿದ ಸದ್ದು ಕೋಣೆಯ ಚಾವಣಿಯಲ್ಲೆಲ್ಲ ಗುಡುಗಿತು. ಪಟ್ಟಿ ಅಕ್ಕನ ಕಣ್ಣು ತುಂಬಿ ಬಂತು. ಯಾರಾದರೂ ನೋಡಿಯಾರೆಂದು ಒದ್ದೆ ಪಟ್ಟಿಯಿಂದಲೇ ಒರೆಸಿಕೊಂಡಳು.

ಗ್ರಾಫ್ ಸರ್ ಓಟ ಮುಗಿಯುವ ಗೆರೆಯ ಕಡೆ ನೋಡದೆ ನೇರ ಕಿಟಕಿಗೆ ಬಂದರು. ಟ್ಯಾಬಿನ ಮೇಲೆ ಕಡ್ಡಿಯ ಎದೆಬಡಿತದ ಗೆರೆ ಕೊನೆಯ ಸುತ್ತಿಗೆ ಮುಂಚೆಯೇ ಕಡಿದುಹೋಗಿತ್ತು. ಕಡ್ಡಿ, ಟೋಪಿ ಇಬ್ಬರೂ ಏದುಸಿರು ಬಿಡುತ್ತಾ ಅವರ ಹಿಂದೆಯೇ ಬಂದು ನಿಂತರು.

“ಅಕ್ಕ, ಹೊಸ ಬ್ಯಾಟರಿನೇ ಕೈ ಕೊಟ್ಟಿದ್ರೆ ಸೆನ್ಸರ್ ದೋಷ ಅಂತ ಬರೀತೀನಿ. ನಾಳೆ ಇಬ್ರನ್ನೂ ಇನ್ನೊಂದು ಸಲ ಓಡಿಸ್ಬಹುದು. ಹೊಸದೇ ತಾನೆ ಹಾಕಿದ್ದು?”

ಅನ್ನ ಕಲಸಿ ಬಾಯಿಗೇ ಇಟ್ಟ ಹಾಗೆ ಇಟ್ಟಿದ್ದರು. ಹೂಂ ಎಂದರೆ ಸಾಕಿತ್ತು. ಕಡ್ಡಿ ಮಂಡಿಯ ಮೇಲೆ ಕೈಯೂರಿ ಬಗ್ಗಿದ್ದವಳು ತಲೆಯೆತ್ತಿ ನೋಡುತ್ತಿದ್ದಳು. ಪಕ್ಕದಲ್ಲಿ ಟೋಪಿಯೂ ನೋಡುತ್ತಿದ್ದಳು. ತನ್ನದಕ್ಕೆ ಹೊಸದು ಬಿದ್ದದ್ದು ಅವಳಿಗೆ ಗೊತ್ತಿತ್ತು.

“ಇಲ್ಲ ಸರ್,” ಎಂದಳು ಪಟ್ಟಿ ಅಕ್ಕ. “ಹಳೇದೇ ಇತ್ತು. ಹೊಸದು ಒಂದೇ ಇದ್ದಿದ್ದು, ಟೋಪಿದಕ್ಕೆ ಹಾಕ್ದೆ.”

“ಹಳೇದು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

ಗ್ರಾಫ್ ಸರ್ ಟ್ಯಾಬನ್ನು ಹಲಗೆಯ ಮೇಲಿಟ್ಟರು. “ಗೊತ್ತಿದ್ದೂ ಹಾಕಿದ್ಮೇಲೆ ದೋಷ ಅಂತ ಹೇಗೆ ಬರೀಲಿ ಅಕ್ಕ? ಎಲ್ರೂ ಕಣ್ಣಾರೆ ನೋಡಿದ್ದಾರೆ ನಿಜ. ನಾನು ಕಣ್ಣನ್ನ ಕಳಿಸೋಕಾಗಲ್ಲ.”

ಸುಳ್ಳು ಹೇಳಬಾರದು, ಸರಿ. ಮಕ್ಕಳಿಗೆ ನಾವೇ ಹೇಳಿಕೊಡುತ್ತೇವೆ. ಆದರೆ ಆ ಹೊತ್ತಿನಲ್ಲಿ ಪಟ್ಟಿ ಅಕ್ಕ ಸತ್ಯಕ್ಕೆ ಹೆದರಿರಲಿಲ್ಲ, ಟೋಪಿಯ ಕಣ್ಣಿಗೆ ಹೆದರಿದ್ದಳು. ಸತ್ಯವನ್ನೇ ಹೇಳಿ ಸುಮ್ಮನಾಗಬೇಕಿರಲಿಲ್ಲವಲ್ಲ, ಇನ್ನೊಂದು ಸಲ ಓಡಿಸಿ ಸರ್, ತಪ್ಪು ನನ್ನದು, ಹುಡುಗಿಯದಲ್ಲ ಎಂದು ಕೇಳಬಹುದಿತ್ತು. ಬೇರೆ ಯಾರ ಮಗಳಾಗಿದ್ದರೂ ಕಾಲಿಗೆ ಬಿದ್ದಾದರೂ ಕೇಳುತ್ತಿದ್ದಳು. ತನ್ನ ಮಗಳಿಗಾಗಿ ಹೇಗೆ ಕೇಳುವುದು? ಬೇರೆ ಯಾರಾದರೂ ಕೇಳಲಿ ಎಂದು ಕಾದಳು. ಟೋಪಿ ತಲೆ ತಗ್ಗಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಅವಳನ್ನೇನು ಅನ್ನೋಣ, ಹೆತ್ತವಳೇ ಬಿಡದ ಬಾಯಿಯನ್ನು ಅವಳು ಯಾಕೆ ಬಿಟ್ಟಾಳು.

ಆಮೇಲೆ ಎಲ್ಲರನ್ನೂ ಸೇರಿಸಿ ಟೋಪಿಯ ಹೆಸರು ಹೇಳಿದರು. ಗ್ರಾಫ್ ಸರ್ ಪಟ್ಟಿ ಅಕ್ಕನ ಹೆಸರನ್ನೂ ಹೇಳಿದರು. ಸ್ವಂತ ಮಗಳೆಂದೂ ನೋಡದ ಇಂಥವರು ಎಲ್ಲಿ ಸಿಗುತ್ತಾರೆ ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಯಾವ ಮಾತಿಗಾಗಿ ಜೀವ ಸವೆಸಿದ್ದಳೋ ಆ ಮಾತು ಬಂತು. ಕೇಳಲು ಅವಳಿಗೆ ಆಗಲಿಲ್ಲ.

ಪಟ್ಟಿ ವಾಪಸು ಕೊಡುವ ಸಾಲಿನಲ್ಲಿ ಕಡ್ಡಿ ಎಂದಿನಂತೆ ಕೊನೆಗೆ ನಿಂತಿದ್ದಳು. ಬಟನ್ ಬಿಚ್ಚಿ, ಸೆನ್ಸರನ್ನು ಅಂಗಿಯ ತುದಿಯಿಂದ ಒರೆಸಿ, ಹಲಗೆಯ ಮೇಲೆ ಪಟ್ಟಿ ಬೇರೆ, ಸೆನ್ಸರು ಬೇರೆ ಇಟ್ಟಳು. “ತಗೊಳ್ಳಿ, ಅಕ್ಕ.”

“ಮನೇಗೆ ಹೋಗಿ ಮಾತಾಡೋಣ,” ಎಂದು ಪಟ್ಟಿ ಅಕ್ಕ ಪಿಸುಗುಟ್ಟಿದಳು. ಮೈದಾನದಲ್ಲಿ ಮಗಳೊಡನೆ ಅವಳು ಗುಟ್ಟಾಗಿ ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಮನೆಗೆ ಬಂದಾಗ ಕಡ್ಡಿ ಸ್ನಾನ ಮಾಡಿ, ಶೂ ತೊಳೆದು ಕಿಟಕಿಯ ಮೇಲೆ ಒಣಗಲಿಟ್ಟಿದ್ದಳು. ಅತ್ತಿರಲಿಲ್ಲ. ಅಮ್ಮ ಕೈಕಾಲು ತೊಳೆದು ತಟ್ಟೆ ಹಾಕಿದಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಹೇಳುವ ಬದಲು ಅನ್ನ ಬಡಿಸಿದಳು. ಇನ್ನೊಂದು ಸಲ ಬಡಿಸಲು ಹೋದಾಗ ಮಗಳು ತಟ್ಟೆಗೆ ಕೈ ಅಡ್ಡ ಹಿಡಿದಳು.

“ಸಾಕು ಅಕ್ಕ. ನೀವು ಊಟ ಮಾಡಿ.”

ನಾಲಿಗೆ ತಪ್ಪಿರಬೇಕು ಅಂದುಕೊಂಡಳು ತಾಯಿ. ಸೌಟು ಹಿಡಿದುಕೊಂಡು ಕೇಳಿಸದವಳ ಹಾಗೆ ನಿಂತಳು, ಮಾತು ಬದಲಾಗಲಿ ಎಂದು. ಮಗಳು ಎದ್ದು ತಟ್ಟೆ ತೊಳೆದಿಟ್ಟು ಒಳಗೆ ಹೋದಳು.

ಹೊಸ ಬ್ಯಾಟರಿಗಳು ಮುಂದಿನ ವಾರವೇ ಬಂದವು, ಡಬ್ಬಿ ತುಂಬ. ಕಡ್ಡಿ ಮತ್ತೆ ಓಡಲಿಲ್ಲ. ಈಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ತಾಯಿಗೆ ಏನೂ ಕಡಿಮೆ ಮಾಡಿಲ್ಲ. ಬರುವಾಗ ತರಕಾರಿ ತರುತ್ತಾಳೆ, ಮೈ ಬಿಸಿಯಾದರೆ ಮಾತ್ರೆ ತರುತ್ತಾಳೆ, ಜೋರಾಗಿ ಒಂದು ಮಾತಾಡುವುದಿಲ್ಲ. ಇವಳು ಅಡುಗೆಮನೆಯಲ್ಲಿರುವಾಗ ಹಿಂದಿನಿಂದ ಕರೆಯುತ್ತಾಳೆ, “ಅಕ್ಕ.” ಮೊದಲ ಸಲ ಪಟ್ಟಿ ಅಕ್ಕ ಕೇಳಿಸದವಳ ಹಾಗೆ ಇರುತ್ತಾಳೆ. ಎರಡನೆಯ ಸಲವೂ ಅದೇ ಮಾತು ಬರುತ್ತದೆ. ಆಮೇಲೆ ಅವಳು ತಿರುಗಿ, “ಏನಮ್ಮಾ?” ಎನ್ನುತ್ತಾಳೆ.