ಅಕ್ಕನ ಮೆಷಿನ್ನಿನ ಚಕ್ರ ನಿಂತಂತೆ ಕಂಡದ್ದು

ಅಕ್ಕನ ಕಣ್ಣು ಚೆನ್ನಾಗಿಯೇ ಇತ್ತು. ಅದು ಅವಳಿಗಿಂತ ಎರಡು ತಿಂಗಳು ಮೊದಲೇ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ನ್ಯಾಮತಿಯಲ್ಲಿ ನಾವಿಬ್ಬರೇ ಇರುವ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಮೆಷಿನ್, ಅದರ ಮೇಲೆ ಗೋಡೆಗೆ ಅಂಟಿಸಿದ ಎಲ್‌ಇಡಿ ಪಟ್ಟಿ. ಕಪ್ಪು ಬಟ್ಟೆಗೆ ಆ ಬೆಳಕು ಸರಿಹೋಗುತ್ತಿತ್ತು. ಜರಿ ಬಟ್ಟೆ ಬಂದರೆ ಕಣ್ಣಿಗೆ ಹೊಡೆಯುತ್ತಿತ್ತು. ಫ್ಯಾನಿಗೆ ಇರುವಂತೆ ಇದಕ್ಕೂ ಒಂದು ರೆಗ್ಯುಲೇಟರ್ ಮಾಡಿಕೊಡು ಎಂದು ಅಕ್ಕ ಕೇಳಿದಳು.

ನಾನು ಓದಿದ್ದು ಏಳನೇ ತರಗತಿ. ಹೊನ್ನಾಳಿಯಲ್ಲಿ ನಮ್ಮ ಮಹಿಳಾ ಸಂಘದವರಿಗೆ ಬಲ್ಬ್ ಜೋಡಿಸುವ ತರಬೇತಿ ಕೊಟ್ಟಾಗ ಬೆಸುಗೆ ಹಾಕುವುದು ಕಲಿತೆ. ಕೊನೆಯ ದಿನ ಮೇಷ್ಟ್ರು ಬೆಳಕು ಕಡಿಮೆ ಮಾಡುವ ಸರ್ಕ್ಯೂಟನ್ನೂ ಬರೆಸಿದ್ದರು. ಅದು ದೀಪವನ್ನು ಕಣ್ಣಿಗೆ ಗೊತ್ತಾಗದಷ್ಟು ಬೇಗ ಬೇಗ ಹಚ್ಚಿ ಆರಿಸುತ್ತಿರುತ್ತದೆ. ಆರಿರುವ ಹೊತ್ತು ಹೆಚ್ಚಾದಷ್ಟೂ ಬೆಳಕು ಕಡಿಮೆ ಕಾಣುತ್ತದೆ. ಎಷ್ಟು ಬೇಗ ಎನ್ನುವುದು ಕಾಳಿನಷ್ಟು ಗಾತ್ರದ ಒಂದು ಕೆಪಾಸಿಟರ್ ಮೇಲೆ ನಿಂತಿದೆ. ಅದರ ಮೇಲೆ 103 ಎಂದು ಇರಬೇಕು. ನನ್ನ ಡಬ್ಬಿಯಲ್ಲಿ ಇದ್ದದ್ದು 104. ಅದನ್ನು ಹಾಕಿದರೆ ದೀಪ ಹತ್ತು ಪಟ್ಟು ನಿಧಾನವಾಗಿ ಮಿಟುಕುತ್ತದೆ ಎಂದು ನೋಟುಬುಕ್ಕಿನಲ್ಲಿ ನನ್ನ ಅಕ್ಷರದಲ್ಲೇ ಬರೆದಿತ್ತು.

ಆದರೆ ಮಾರನೆಯ ದಿನವೇ ಆಯುಧ ಪೂಜೆ. ಮೆಷಿನ್ನಿನ ಜೊತೆ ದೀಪಕ್ಕೂ ಪೂಜೆ ಆಗಲಿ ಎಂದು ಅಕ್ಕನ ಆಸೆ. ಯಾರ ಕಣ್ಣಿಗೆ ಕಾಣುತ್ತದೆ ಎಂದುಕೊಂಡು 104 ಅನ್ನೇ ಬೆಸೆದೆ. ಗುಂಡಿ ತಿರುಗಿಸಿದರೆ ಬೆಳಕು ಸೊಗಸಾಗಿ ಇಳಿಯಿತು. ಅಕ್ಕ ಸರ್ಕ್ಯೂಟ್ ಕೂರಿಸಿದ ಪ್ಲಾಸ್ಟಿಕ್ ಡಬ್ಬಿಯ ಮೇಲೂ ವಿಭೂತಿ ಎಳೆದು ಚೆಂಡು ಹೂ ಇಟ್ಟಳು. ಅಳತೆ ಕೊಡಲು ಬಂದವರಿಗೆಲ್ಲ, ನನ್ನ ತಂಗಿ ತಾನೇ ಮಾಡಿದ್ದು ಎಂದು ಗುಂಡಿ ತಿರುಗಿಸಿ ತೋರಿಸುತ್ತಿದ್ದಳು.

ಮೂರು ವಾರಕ್ಕೆ ತಲೆನೋವು ಶುರುವಾಯಿತು. ಆಮೇಲೆ ಒಂದು ಸಂಜೆ ಅವಳು ಹೊಲಿಯುವುದನ್ನು ನಿಲ್ಲಿಸಿ ಕರೆದಳು.

"ಚಕ್ರ ನಿಂತಂಗೆ ಕಾಣ್ತೈತೆ ಕಣೇ. ಕಾಲು ನೋಡಿದ್ರೆ ತುಳೀತಾನೇ ಐತೆ."

ನಾನು ನಕ್ಕೆ. "ನಿಂಗೆ ಕನ್ನಡಕ ಬೇಕಾಗೈತೆ ಅಕ್ಕ. ಇನ್ನು ಸೂಜಿಗೆ ದಾರ ಪೋಣ್ಸಾಕೂ ನನ್ನೇ ಕರೀತೀಯ ನೋಡು."

ನಕ್ಕ ಮೇಲೂ ಮನಸ್ಸು ತಡೆಯಲಿಲ್ಲ. ಅಡಾಪ್ಟರ್ ಬದಲಾಯಿಸಿದೆ. ವೈರಿನ ಜೋಡಣೆಗಳನ್ನೆಲ್ಲ ಅಲುಗಾಡಿಸಿ ನೋಡಿದೆ. ಡಬ್ಬಿಯನ್ನು ಮಾತ್ರ ತೆರೆಯಲಿಲ್ಲ. ಪೂಜೆ ಆದ ವಸ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ದಿನ ಗಿರಾಕಿಗೆ ಕಳಿಸಲು ರವಿಕೆಯ ಕುತ್ತಿಗೆಯ ಫೋಟೋ ತೆಗೆಯಲು ಹೋದೆ. ಮೊಬೈಲ್ ಪರದೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಗುಂಡಿ ತಿರುಗಿಸಿ ಬೆಳಕನ್ನು ಪೂರ್ತಿ ಏರಿಸಿದೆ, ಪಟ್ಟೆಗಳು ಹೋದವು. ಇಳಿಸಿದೆ, ಬಂದವು. ಇದು 104ರ ಮಿಟುಕು, ಅಕ್ಕನ ಕಣ್ಣಿನ ದೋಷವಲ್ಲ ಎಂದು ಆಗಲೇ ಗೊತ್ತಾಯಿತು. ಅಕ್ಕ ಕಾಜಾ ಹೊಲಿಯುತ್ತಾ ಕೂತಿದ್ದಳು, ತಲೆ ಎತ್ತಿರಲಿಲ್ಲ. ನಾನು ಮೊಬೈಲನ್ನು ಬೋರಲು ಇಟ್ಟೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಪಕ್ಕದ ಮನೆಯವರು ಬಂದರು, ಅವರಿಗೂ ಅಕ್ಕ ಗುಂಡಿ ತಿರುಗಿಸಿ ತೋರಿಸಿದಳು. ಹೇಳಲಾಗಲಿಲ್ಲ. ಮರುದಿನ ಇನ್ನೂ ಕಷ್ಟವಾಯಿತು. ನಿನ್ನೆಯೇ ಏಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕಿತ್ತಲ್ಲ.

ಅವಳು ಮದುವೆ ರವಿಕೆಗಳನ್ನು ವಾಪಸು ಕಳಿಸಲು ಶುರುಮಾಡಿದಳು. ಸೀರೆಗೆ ಫಾಲ್ಸ್ ಹಚ್ಚುವುದಷ್ಟೇ ಇಟ್ಟುಕೊಂಡಳು. ಅವಳು ಹಣೆ ಒತ್ತಿಕೊಂಡಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಕಡೆಗೆ ದಾವಣಗೆರೆಗೆ ಕಣ್ಣು ತೋರಿಸಲು ಹೋದೆವು. ಡಾಕ್ಟರು ಕಣ್ಣಿಗೆ ಹನಿ ಬಿಟ್ಟು, ಅಕ್ಷರ ಓದಿಸಿ, ಏನೂ ದೋಷವಿಲ್ಲ ಎಂದರು. ಅಕ್ಕನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ವಾಪಸು ಬರುವಾಗ ಬಸ್ಸು ಹೊನ್ನಾಳಿಯ ಸೇತುವೆ ದಾಟುತ್ತಿದ್ದಂತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಕಣ್ಣಾಗೆ ಏನಿಲ್ಲ ಅಂದ್ರೆ ತಲ್ಯಾಗೇ ಏನೋ ಬೆಳದೈತೆ. ನೀನು ಹೊಲಿಗೆ ಕಲ್ತುಬಿಡು."

ನನ್ನ ಪರ್ಸಿನಲ್ಲಿ ಆಗಲೇ 103 ಇತ್ತು. ಅವಳು ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಗ ಅವಳಿಗೆ ತಿಳಿಯದಂತೆ ಅಂಗಡಿಗೆ ಹೋಗಿ ಕೊಂಡು ತಂದಿದ್ದೆ. ಗೊತ್ತಾಗದ ಹಾಗೆ ಬದಲಾಯಿಸಿಬಿಡುವ ಯೋಚನೆ. ತಲೆನೋವು ತಾನಾಗಿಯೇ ಹೋಯಿತು ಎಂದು ಅವಳು ಅಂದುಕೊಳ್ಳಲಿ ಎಂದು. ಆ ಮಾತು ಕೇಳಿದ ಮೇಲೆ ಅದು ಆಗುವ ಹಾಗಿರಲಿಲ್ಲ. ನಾನು ಸುಮ್ಮನಿದ್ದರೆ ಅವಳು ಇಲ್ಲದ ಗಡ್ಡೆಯನ್ನು ತಲೆಯಲ್ಲಿ ಹೊತ್ತುಕೊಂಡೇ ತಿರುಗುತ್ತಿದ್ದಳು.

ಮನೆಗೆ ಬಂದವಳೇ ಅವಳೆದುರಿಗೇ ಡಬ್ಬಿ ಬಿಚ್ಚಿದೆ. ವಿಭೂತಿ ಬೆರಳಿಗೆ ಹತ್ತಿತು. ಮೊದಲು ಬೆಳಕು ಇಳಿಸಿ, ತುಳಿ ಅಕ್ಕ ಎಂದೆ. ಮೆಷಿನ್ ವೇಗ ಹಿಡಿಯಿತು. ದೀಪದ ಮಿಟುಕಿಗೂ ಚಕ್ರದ ಸುತ್ತಿಗೂ ತಾಳೆಯಾದ ಕ್ಷಣದಲ್ಲಿ ಕಡ್ಡಿಗಳು ನಿಂತಂತಾದವು, ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿದಂತೆ ಕಂಡವು. ನನಗೂ ಹಾಗೇ ಕಾಣುತ್ತದೆ, ತಪ್ಪು ನಾನು ಹಾಕಿದ ಕೆಪಾಸಿಟರಿನದು ಎಂದೆ. ಆಮೇಲೆ ಕೆಪಾಸಿಟರ್ ಬದಲಾಯಿಸಿದೆ. ಅದರ ಒಂದು ತಂತಿಕಾಲು ಹಿಡಿಯದೆ ಎರಡು ಸಲ ಬೆಸೆಯಬೇಕಾಯಿತು. ಮತ್ತೆ ತುಳಿದಳು. ಕಡ್ಡಿಗಳು ಕಾಣದೆ ಮಂಜಿನಂತೆ ಒಂದಾದವು. ಅವಳೇ ಗುಂಡಿ ಇಳಿಸಿದಳು, ಏರಿಸಿದಳು. ತುಂಬ ಹೊತ್ತು ತುಳಿಯುತ್ತಲೇ ಇದ್ದಳು.

"ಯಾವಾಗಿಂದ ಗೊತ್ತಿತ್ತು?"

"ಸಂಕ್ರಾಂತಿಗೂ ಮುಂಚೆ."

ಅವಳು ತೆಗೆದುಹಾಕಿದ 104 ಅನ್ನು ಬೆರಳ ತುದಿಯಲ್ಲಿ ಎತ್ತಿ, ಸೂಜಿ ಇಡುವ ಡಬ್ಬಿಗೆ ಹಾಕಿದಳು. "ಇಷ್ಟಕ್ಕಾ, ನಾನು ನಿಂಗೆ ಮೆಷಿನ್ನು ಬಿಟ್ಟುಕೊಡಾಕೆ ಹೊಂಟಿದ್ದು," ಎಂದಳು.

ಈಗ ಅವಳು ಮತ್ತೆ ರವಿಕೆ ಹೊಲಿಯುತ್ತಾಳೆ. ತಲೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಂದವರಿಗೆ ಗುಂಡಿ ತಿರುಗಿಸಿ ತೋರಿಸುವುದನ್ನು ಬಿಟ್ಟಿದ್ದಾಳೆ. ಬೆಳಿಗ್ಗೆ ಮೆಷಿನ್ನಿಗೆ ಕೂತಾಗ ಮೊದಲು ಬೆಳಕು ಇಳಿಸಿ, ಬಟ್ಟೆ ಇಡದೆ ಒಂದಷ್ಟು ತುಳಿದು, ಚಕ್ರ ಮತ್ತೆ ನಿಂತಂತೆ ಕಾಣುತ್ತದೆಯೇ ಎಂದು ನೋಡುತ್ತಾಳೆ. ಆ ಸದ್ದು ಕೇಳಿದಾಗ ನಾನು ಒಳಗೆ ಯಾವ ಕೆಲಸದಲ್ಲಿದ್ದರೂ, ಅವಳು ಬಟ್ಟೆ ಕೈಗೆತ್ತಿಕೊಳ್ಳುವ ತನಕ ಕೈ ಆಡುವುದಿಲ್ಲ.