ಕುಂಟನ ಕಾಲಡಿಯ ಕಲ್ಲು

ನಮ್ಮ ಹೆಡ್‌ಮಾಸ್ಟರಿಗೆ ಮಕ್ಕಳು ಇಟ್ಟ ಹೆಸರು ಪಾಲಿಶ್ ಸರ್. ಬೆಳಿಗ್ಗೆ ಬಂದವರೇ ಚೀಲವನ್ನು ಕುರ್ಚಿಗೆ ನೇತುಹಾಕಿ, ಮೇಜಿನ ಮೇಲಿನ ಹಿತ್ತಾಳೆಯ ಫಲಕವನ್ನು ಕರವಸ್ತ್ರದಿಂದ ಉಜ್ಜುತ್ತಿದ್ದರು. ಅದರಲ್ಲಿ ಅವರ ಹೆಸರಿಗಿಂತ ‘ಮುಖ್ಯೋಪಾಧ್ಯಾಯರು’ ಎಂಬ ಪದವೇ ದೊಡ್ಡದಾಗಿತ್ತು. ಮೇಲಿನವರು ಯಾರಾದರೂ ಬರುತ್ತಾರೆ ಅಂದರೆ ಸಾಕು, ಬಾಗಿಲ ಹಿಡಿ, ಗಂಟೆ, ಕಿಟಕಿಯ ಗಾಜು ಎಲ್ಲವೂ ಫಳಫಳ. ಮೈದಾನದ ಅಂಚಿನ ಕಲ್ಲುಗಳಿಗೂ ಸುಣ್ಣ. ನಾನು ಆಟದ ಟೀಚರ್, ಬಾಯಿ ಸ್ವಲ್ಪ ಜೋರು. “ಸರ್, ಆ ಕಾಗೆಗಳೊಂದು ಉಳಿದುಬಿಟ್ಟಿವೆ ನೋಡಿ, ಅವಕ್ಕೂ ಒಂದು ಕೈ ಸುಣ್ಣ ಬಳಿಸಿ” ಎಂದು ಒಮ್ಮೆ ಅಂದಿದ್ದೆ. ಅವರು ನಗಲಿಲ್ಲ. ನಗುವ ಜಾತಿಯ ಮನುಷ್ಯನೇ ಅಲ್ಲ.

ಆ ಫಲಕವನ್ನು ಮಾಡಿಸಿಕೊಟ್ಟವರು ಅವರ ಅಕ್ಕ. ತಮ್ಮ ಓದಲಿ ಎಂದು ಆಕೆಯನ್ನು ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಡಿಸಿ ಹೊಲಿಗೆ ಯಂತ್ರದ ಮುಂದೆ ಕೂರಿಸಿದ್ದರಂತೆ. ತಮ್ಮ ಚರಿತ್ರೆಯ ಮೇಷ್ಟ್ರಾದ. ಅವನಿಗಿಂತ ಕಿರಿಯರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋದರು. ತಲೆ ಪೂರ್ತಿ ಬೆಳ್ಳಗಾದ ಮೇಲೆ ಅವನಿಗೆ ಆ ಕುರ್ಚಿ ಸಿಕ್ಕಿತು. ದಿನಾ ಸಂಜೆ ಮನೆಗೆ ಹೋದರೆ ಅಕ್ಕ ಯಂತ್ರ ನಿಲ್ಲಿಸಿ, “ಏನಪ್ಪಾ ಹೆಡ್‌ಮಾಸ್ಟರೇ, ಇವತ್ತು ಯಾರ್ಯಾರು ಸಲಾಮು ಹೊಡೆದ್ರು?” ಎಂದು ಕೇಳುತ್ತಿದ್ದರು. ನನ್ನ ಬ್ಲೌಸ್ ಹೊಲಿಯುವವರೂ ಅವರೇ ಆದ್ದರಿಂದ ಇದೆಲ್ಲ ನನಗೆ ಗೊತ್ತು.

ನಮ್ಮದು ಹೆಣ್ಣುಮಕ್ಕಳ ಹೈಸ್ಕೂಲು. ಆ ವರ್ಷ ಇಲಾಖೆಯಿಂದ ಖಡಾಖಂಡಿತವಾದ ಮಾತು ಬಂತು. ಸರಿಯಾದ ಪ್ರಯೋಗಾಲಯ ಇಲ್ಲದಿದ್ದರೆ ಮುಂದಿನ ವರ್ಷ ವಿಜ್ಞಾನದ ತರಗತಿಗಳನ್ನು ಮುಚ್ಚಿ, ಹುಡುಗಿಯರನ್ನು ಹೊಳೆಯಾಚೆಯ ದೊಡ್ಡ ಶಾಲೆಗೆ ಸೇರಿಸುವುದು. ಅಷ್ಟು ದೂರ ಯಾರ ಮನೆಯಲ್ಲಿ ಕಳಿಸುತ್ತಾರೆ? ಅರ್ಧಕ್ಕರ್ಧ ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಉಳಿದದ್ದು ಒಂದೇ ದಾರಿ. ಒಂದು ಶಿಕ್ಷಣ ದತ್ತಿಯವರು ವರ್ಷಕ್ಕೆ ಒಂದು ಶಾಲೆಗೆ ಪ್ರಯೋಗಾಲಯದ ಅನುದಾನ ಕೊಡುತ್ತಿದ್ದರು. ಪಾಲಿಶ್ ಸರ್ ಅರ್ಜಿ ಹಾಕಿದರು. ದತ್ತಿಯ ಸಮಿತಿ ನೋಡಲು ಬರುವುದೆಂದು ಗೊತ್ತಾಯಿತು.

ಸಮಿತಿ ಬರುವ ದಿನ ಬೆಳಿಗ್ಗೆ ನಾನು ಆಟದ ಕೋಣೆಯ ಬೀಗ ತೆಗೆದರೆ ಒಳಗೆ ಕಾಲಿಡಲು ಜಾಗವಿಲ್ಲ. ಚೆಂಡುಗಳ ಬುಟ್ಟಿ ಮೂಲೆಗೆ ಹೋಗಿತ್ತು. ಚಾಪೆಗಳ ಮೇಲೆ ನಮ್ಮ ಪ್ರಯೋಗಾಲಯವೇ ಮಲಗಿತ್ತು. ಟೇಪು ಸುತ್ತಿದ ಗಾಜಿನ ನಳಿಕೆಗಳು, ಮಸಿ ಹಿಡಿದ ಸ್ಪಿರಿಟ್ ದೀಪಗಳು, ಔಷಧಿ ಸೀಸೆಗಳಲ್ಲಿ ತುಂಬಿಟ್ಟ ಆಮ್ಲಗಳು, ಇವೆಲ್ಲದರ ನಡುವೆ ಕುಂಟ. ಕುಂಟ ಎಂದರೆ ಬೀಕರು ಇಡುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು. ಒಂದು ಕಾಲು ತುದಿಯಲ್ಲಿ ಮುರಿದು ಗಿಡ್ಡವಾಗಿತ್ತು. ನಮ್ಮಲ್ಲಿದ್ದದ್ದು ಅದೊಂದೇ. ಆ ಕಾಲಿನ ಕೆಳಗೆ ಒಂದು ಚಪ್ಪಟೆ ಕಲ್ಲಿಟ್ಟು ಸಮ ಮಾಡಿಕೊಂಡೇ ಹುಡುಗಿಯರು ಪ್ರಯೋಗ ಮಾಡುತ್ತಿದ್ದರು. ಅಕ್ಕಂದಿರು ಇಟ್ಟದ್ದನ್ನು ನೋಡಿ ತಂಗಿಯರು ಇಟ್ಟು, ಹೀಗೆ ಎಷ್ಟೋ ತಂಡಗಳು ದಾಟಿಹೋಗಿದ್ದವು.

ಏನಾಗಿದೆಯೆಂದು ನನಗೆ ಹೊಳೆಯುವಷ್ಟರಲ್ಲಿ ಮೇಲಿನಿಂದ ವಿಜ್ಞಾನದ ಟೀಚರ್ ದನಿ ಕೇಳಿತು. ಓಡಿದೆ.

ಪ್ರಯೋಗಾಲಯ ಗುರುತೇ ಸಿಗದಂತಾಗಿತ್ತು. ಆಮ್ಲ ಬಿದ್ದು ಸುಟ್ಟ ಮೇಜಿನ ಮೇಲೆ ಬೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಸಾಲಾಗಿ ಹೊಸ ಬೀಕರುಗಳು, ಹೊಸ ಸ್ಟ್ಯಾಂಡುಗಳು, ಬತ್ತಿಯೇ ಸುಡದ ದೀಪಗಳು.

“ನನ್ನ ಸಾಮಾನೆಲ್ಲ ಎಲ್ಲಿ ಸರ್?” ವಿಜ್ಞಾನದ ಟೀಚರ್ ಕೇಳುತ್ತಿದ್ದಳು.

“ಭದ್ರವಾಗಿವೆ. ಆಟದ ಕೋಣೇಲಿ.”

“ಮತ್ತೆ ಇವು ಯಾರದ್ದು?”

“ಹೊಳೆಯಾಚೆ ಶಾಲೇದು. ನನ್ನ ಭಾವಮೈದ ಅಲ್ಲೇ ಇದಾನಲ್ಲ. ಸಂಜೆವರೆಗೆ ನಮ್ಮದು ಅಂದ್ಕೊಳ್ಳಿ.”

“ಇದು ಸುಳ್ಳು, ಸರ್.”

“ಸುಳ್ಳಲ್ಲ ಮೇಡಂ. ನೆಂಟರು ಬಂದಾಗ ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತರೋದಿಲ್ವ?” ಹೇಳುತ್ತಲೇ ಅವರು ಒಂದು ಬೀಕರನ್ನು ಕರವಸ್ತ್ರದಿಂದ ಉಜ್ಜಿದರು. “ಆ ಮುರುಕಲು ತೋರಿಸಿದ್ರೆ ಯಾರು ಕೊಡ್ತಾರೆ? ಇವರಿಗೆ ಇಟ್ಕೊಳ್ಳೋ ಯೋಗ್ಯತೆ ಇಲ್ಲ ಅಂತಾರೆ.”

“ಅವರು ಕೇಳಿದ್ರೆ ನಾನು ಸುಳ್ಳು ಹೇಳಲ್ಲ.”

“ಹಾಗಾದ್ರೆ ಮುಂದಿನ ವರ್ಷ ಈ ಹುಡುಗಿಯರ ಮನೆಮನೆಗೆ ಹೋಗಿ ನೀವೇ ಹೇಳ್ಬನ್ನಿ.”

ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರದೂ ಸರಿ ಅನ್ನಿಸುತ್ತಿದ್ದುದಕ್ಕೆ ಇನ್ನೂ ಸಿಟ್ಟು. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಪಾಲಿಶ್ ಸರ್ ನನ್ನ ಕಡೆ ತಿರುಗಿ, “ಆಟದ ಕೋಣೆ ಬೀಗ ಹಾಕ್ಬನ್ನಿ” ಎಂದರು. ಹಾಕಿ ಬಂದೆ. ಕೀಲಿಕೈ ನನ್ನ ಮುಷ್ಟಿಯಲ್ಲೇ ಇತ್ತು.

ಬಂದವರು ಇಬ್ಬರು. ನಿವೃತ್ತ ಪ್ರೊಫೆಸರ್ ಒಬ್ಬಾಕೆ, ಮಾತು ಕಡಿಮೆ. ಜೊತೆಗೆ ದತ್ತಿಯ ಕಾರ್ಯದರ್ಶಿ, ನಿಯಮಗಳ ಪುಸ್ತಕವನ್ನು ಎದೆಗವಚಿಕೊಂಡೇ ಓಡಾಡುವ ಮನುಷ್ಯ. ಪ್ರೊಫೆಸರ್ ಮೇಜಿನ ಉದ್ದಕ್ಕೂ ನಡೆದರು. ಒಂದು ದೀಪ ಎತ್ತಿ ಬತ್ತಿ ನೋಡಿ ಇಟ್ಟರು. ಸ್ಟ್ಯಾಂಡಿನ ಮೇಲೆ ಬೆರಳಾಡಿಸಿ ಬೆರಳನ್ನೇ ನೋಡಿಕೊಂಡರು. ಮಸಿಯಿಲ್ಲ.

“ತುಂಬ ಚೆನ್ನಾಗಿ ಇಟ್ಕೊಂಡಿದೀರಿ” ಎಂದರು. ಪಾಲಿಶ್ ಸರ್ ಮುಖ ಅರಳಿತು. ಆದರೆ ಆಕೆಯ ದನಿಯಲ್ಲಿ ಮೆಚ್ಚುಗೆಯಿರಲಿಲ್ಲ.

“ನಾವು ಅನುದಾನ ಕೊಡೋದು ಪ್ರಯೋಗ ಮಾಡೋ ಶಾಲೆಗೆ. ಬೀರು ತುಂಬಿ ಬೀಗ ಹಾಕೋರಿಗಲ್ಲ. ಯಾರಾದರೂ ಒಬ್ಬ ಹುಡುಗಿ ಏನಾದರೂ ಮಾಡಿ ತೋರಿಸಲಿ.”

ವಿಜ್ಞಾನದ ಟೀಚರ್ ಒಂಬತ್ತನೇ ತರಗತಿಯ ಗುಬ್ಬಿಯನ್ನು ಕರೆದಳು. ಸಣ್ಣ ಮೈಕಟ್ಟು, ಚುರುಕು ಕೈ. ಬೆಳಗಿನಿಂದ ಏನು ನಡೆಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಮೈಲುತುತ್ತದ ನೀಲಿ ದ್ರಾವಣ ಕಾಯಿಸಿ ಹರಳು ಮಾಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಅವಳು ಪುಡಿ ಕರಗಿಸಿದಳು, ಸೋಸಿದಳು. ಕೈ ಎಲ್ಲೂ ತಡವರಿಸಲಿಲ್ಲ. ಪ್ರೊಫೆಸರ್ ಈಗ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಇದೊಂದು ದಾಟಿದರೆ ಸಾಕು ಎಂದುಕೊಂಡೆ.

ಗುಬ್ಬಿ ಹೊಸ ಸ್ಟ್ಯಾಂಡನ್ನು ಮುಂದಕ್ಕೆಳೆದಳು. ಮೇಜಿನತ್ತ ನೋಡುತ್ತಲೇ ಎಡಗೈಯನ್ನು ಪಕ್ಕದ ಕಿಟಕಿಗೆ ಚಾಚಿದಳು. ಅಲ್ಲಿ ಆ ಚಪ್ಪಟೆ ಕಲ್ಲಿತ್ತು. ಕುಂಟನನ್ನು ಬಚ್ಚಿಟ್ಟವರು ಕಲ್ಲನ್ನು ಮರೆತಿದ್ದರು. ಯಾರಿಗೂ ಬಾಯಿ ತೆರೆಯಲು ಸಮಯ ಸಿಗಲಿಲ್ಲ. ಅವಳು ಕಲ್ಲನ್ನು ಒಂದು ಕಾಲಿನ ಕೆಳಗೆ ತಳ್ಳಿ ಬೀಕರನ್ನು ಮೇಲಿಟ್ಟಳು. ಮೂರೂ ಕಾಲು ಸರಿಯಿದ್ದ ಸ್ಟ್ಯಾಂಡು ವಾಲಿತು. ಬೀಕರು ಮೆಲ್ಲಗೆ ಜಾರಿ ಉರುಳಿ ಒಡೆಯಿತು. ಬಿಳಿ ಹಾಳೆಯ ತುಂಬ ನೀಲಿ ಹರಿಯಿತು.

ಗುಬ್ಬಿ ಬೆಪ್ಪಾಗಿ ತನ್ನ ಕೈಯನ್ನೇ ನೋಡಿದಳು.

“ಆ ಕಲ್ಲು ಯಾಕಿಟ್ಟೆ ಮರಿ?” ಪ್ರೊಫೆಸರ್ ಕೇಳಿದರು.

“ಕುಂಟನಿಗೆ ಇಡ್ಬೇಕಲ್ಲ ಮಿಸ್” ಎಂದವಳು ಸ್ಟ್ಯಾಂಡನ್ನು ಈಗ ತಾನೇ ಕಂಡವಳಂತೆ ನೋಡಿದಳು. “ಇದು... ಇದು ನಮ್ಮ ಕುಂಟ ಅಲ್ಲ.”

ಪ್ರೊಫೆಸರ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ವಿಜ್ಞಾನದ ಟೀಚರ್ ಬಾಯಿ ತೆರೆದಳು. ಅವಳು ಹೇಳಿಬಿಡುತ್ತಾಳೆ, ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಮೊದಲು ಮಾತಾಡಿದ್ದು ಪಾಲಿಶ್ ಸರ್.

“ಇವೆಲ್ಲ ಎರವಲು ತಂದಿದ್ದು. ನಾನೇ ತರಿಸಿದ್ದು. ಈ ಟೀಚರಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬೇಡ ಅಂದ್ರು.” ಆಮೇಲೆ ನನ್ನ ಕಡೆ ನೋಡದೆಯೇ, “ಆಟದ ಕೋಣೆ ತೆಗೀರಿ” ಎಂದರು.

ತೆಗೆದೆ. ಪ್ರೊಫೆಸರ್ ಚಾಪೆಯ ಮೇಲೆ ಕೂತೇ ಬಿಟ್ಟರು. ಮಸಿ ಹಿಡಿದ ದೀಪಗಳನ್ನು, ಟೇಪು ಸುತ್ತಿದ ನಳಿಕೆಗಳನ್ನು ಎತ್ತಿ ನೋಡಿದರು. ಕುಂಟನನ್ನು ಮಡಿಲಲ್ಲಿಟ್ಟುಕೊಂಡು ಅದರ ಗಿಡ್ಡ ಕಾಲನ್ನು ಸವರಿದರು. “ಇದನ್ನ ಯಾಕ್ರಿ ಬಚ್ಚಿಟ್ರಿ?” ಎಂದರು. ಆ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

ಕಾರ್ಯದರ್ಶಿ ಪುಸ್ತಕ ಬಿಡಿಸಿದ. “ಮೇಡಂ, ನಿಯಮ ಸ್ಪಷ್ಟವಾಗಿದೆ. ಸಮಿತಿಗೆ ಸುಳ್ಳು ತೋರಿಸಿದ್ರೆ, ಆ ಮುಖ್ಯಸ್ಥರು ಇರೋ ತನಕ ಆ ಶಾಲೆಗೆ ಅನುದಾನ ಇಲ್ಲ.”

“ಸ್ವಲ್ಪ ಸಡಿಲ ಮಾಡೋಕೆ...”

“ಬರೋದಿಲ್ಲ ಮೇಡಂ. ನಿಮಗೂ ಗೊತ್ತು.”

ಬಾಗಿಲಲ್ಲಿ ಹುಡುಗಿಯರು ಗುಂಪುಗೂಡಿದ್ದರು. ಗುಬ್ಬಿ ಸದ್ದಿಲ್ಲದೆ ಅಳುತ್ತಿದ್ದಳು. ಬೀಕರು ಒಡೆದದ್ದಕ್ಕೇ ಶಾಲೆ ಮುಚ್ಚುತ್ತದೆ ಎಂದು ಅವಳು ತಿಳಿದಿದ್ದಳು. ಪಾಲಿಶ್ ಸರ್ ಅವಳನ್ನು ನೋಡಿದರು. ಅವರ ಅಕ್ಕ ಶಾಲೆ ಬಿಟ್ಟದ್ದು ಸುಮಾರು ಅದೇ ವಯಸ್ಸಿನಲ್ಲಿ.

“ಆ ಮುಖ್ಯಸ್ಥರು ಇರೋ ತನಕ ಅಂತ ತಾನೇ ಬರೆದಿರೋದು?” ಎಂದು ಕಾರ್ಯದರ್ಶಿಯನ್ನು ಕೇಳಿದರು.

“ಹೌದು.”

“ಹಾಗಾದ್ರೆ ಇವತ್ತಿಂದ ನಾನಿಲ್ಲ. ಮತ್ತೆ ಚರಿತ್ರೆ ಪಾಠಕ್ಕೆ ಹೋಗ್ತೀನಿ. ನಮ್ಮ ಸೈನ್ಸ್ ಮೇಡಂ ನೋಡ್ಕೊಳ್ತಾರೆ ಶಾಲೆ.”

ಜೀವನವಿಡೀ ಕಾದ ಕುರ್ಚಿಯನ್ನು ಅವರು ಬಿಟ್ಟದ್ದು ಹೀಗೆ, ಚೆಂಡಿನ ಬುಟ್ಟಿಯ ಪಕ್ಕ ನಿಂತು. ವಿಜ್ಞಾನದ ಟೀಚರ್ “ಬೇಡಿ ಸರ್” ಎಂದು ಮುಂದೆ ಬಂದಳು. ಅವರು ಕೈಯಾಡಿಸಿ ಸುಮ್ಮನಾಗಿಸಿದರು. ಕಾಗೆಗೆ ಸುಣ್ಣ ಬಳಿಯಲು ಹೇಳಿದ್ದ ನಾನು ಮಸಿ ದೀಪಗಳನ್ನು ಎತ್ತಿಕೊಂಡು ಪ್ರಯೋಗಾಲಯದ ಕಡೆ ಹೊರಟೆ. ನನಗೆ ಅಳು ಬಂದಿತ್ತು.

ಅಂದು ಸಂಜೆ ಫಲಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಹೋದರಂತೆ. ಅಕ್ಕ ಎಂದಿನಂತೆ ಯಂತ್ರ ನಿಲ್ಲಿಸಿ ಸಲಾಮಿನ ಲೆಕ್ಕ ಕೇಳಿದರು. ಇವರು ಗಂಟು ಬಿಚ್ಚಿ ಮುಂದಿಟ್ಟು ನಡೆದದ್ದೆಲ್ಲ ಹೇಳಿದರು. ಅಕ್ಕ ಸೂಜಿಗೆ ದಾರ ಪೋಣಿಸಿ, “ಆ ಹುಡುಗಿಯರು ಓದ್ತಾರಲ್ಲ. ಕೈ ತೊಳ್ಕೋ, ಊಟಕ್ಕೆ ಬಾ” ಎಂದರಂತೆ. ಇದನ್ನು ನನಗೆ ಹೇಳುವಾಗ ಅವರು ನನ್ನ ತೋಳಿನ ಅಳತೆ ತೆಗೆಯುತ್ತಿದ್ದರು, ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದರು.

ಅನುದಾನ ಬಂತು. ವಿಜ್ಞಾನದ ತರಗತಿ ಉಳಿಯಿತು. ಹೊಸ ಬೀಕರು, ಹೊಸ ಸ್ಟ್ಯಾಂಡು, ಉದ್ದನೆಯ ಹೊಸ ಮೇಜುಗಳು ಬಂದವು. ನೆಲ ಮಾತ್ರ ಹಳೆಯದು. ಒಂದು ಮೇಜು ಮುಟ್ಟಿದರೆ ಸಾಕು, ಗಡಗಡ ಅಲುಗುತ್ತಿತ್ತು. ಗುಬ್ಬಿ ಕಲ್ಲಿಟ್ಟು ನೋಡಿದಳು, ದಪ್ಪವಾಯಿತು. ಕಾಗದ ಮಡಚಿ ಇಟ್ಟಳು, ನೆನೆದು ಹೋಯಿತು. ಚರಿತ್ರೆ ಪಾಠ ಮುಗಿಸಿ ಆ ಕಡೆ ಹೋಗುತ್ತಿದ್ದ ಪಾಲಿಶ್ ಸರ್ ಬಾಗಿಲಲ್ಲೇ ನಿಂತು ಅವಳ ಪಾಡು ನೋಡಿದರು. ಮಾರನೆಯ ದಿನ ಬರುವಾಗ ಆ ಹಿತ್ತಾಳೆಯ ಫಲಕ ತಂದರು. ಮೊಣಕಾಲೂರಿ ಅದನ್ನು ಮೇಜಿನ ಕಾಲಿನ ಕೆಳಗೆ ತಳ್ಳಿ, ಮೇಜನ್ನು ಅಲುಗಿಸಿ ನೋಡಿ, “ಸರಿಹೋಯ್ತು” ಎಂದು ಎದ್ದು ಕೈ ಒರೆಸಿಕೊಂಡರು.

ಫಲಕ ಈಗಲೂ ಅಲ್ಲೇ ಇದೆ. ಬರಹವೆಲ್ಲ ಕಾಲಿನ ಅಡಿಯಲ್ಲಿದೆ, ಒಂದಿಷ್ಟು ಅಂಚು ಮಾತ್ರ ಹೊರಗೆ ಕಾಣುತ್ತದೆ. ಬೆಳಿಗ್ಗೆ ಬಂದವರೇ ಅವರು ಕರವಸ್ತ್ರ ತೆಗೆದು ಅಷ್ಟನ್ನು ಉಜ್ಜುತ್ತಾರೆ.